ಟವೆಲಿನ ಕೆಳಗಿನ ಕೈ

ಹಿರಿಯೂರಿನ ತೆಂಗಿನಕಾಯಿ ಮಂಡಿಗಳ ಸಾಲು ಮುಗಿದು ಹೆದ್ದಾರಿಯ ಸರ್ವಿಸ್ ರಸ್ತೆ ಆರಂಭವಾಗುವ ಮೂಲೆಯಲ್ಲಿ ಒಂದು ತಗಡಿನ ಶೆಡ್ಡಿದೆ. ಅದಕ್ಕೆ ಬೋರ್ಡಿಲ್ಲ, ಬೋರ್ಡಿನ ಅಗತ್ಯವೂ ಬಹುಕಾಲ ಬೀಳಲಿಲ್ಲ. ಕಿವಿ ಮೇಸ್ತ್ರಿಯ ಶೆಡ್ಡು ಎಂದರೆ ಅತ್ತ ಹೊಸದುರ್ಗ, ಇತ್ತ ಹೊಳಲ್ಕೆರೆಯವರೆಗೆ ಹಳೆಯ ಕಾರನ್ನು ಇನ್ನೂ ಮಾರದೆ ಇಟ್ಟುಕೊಂಡವರಿಗೆಲ್ಲ ಗೊತ್ತಿತ್ತು. ಆ ಕಿವಿ ಚಿತ್ರಲಿಂಗಪ್ಪನದೆಂದು ಊರು ನಂಬಿತ್ತು. ಕೆಲವು ವರ್ಷಗಳಿಂದ ಅದು ಆತನ ಹೆಂಡತಿ ಬೋರಕ್ಕನದಾಗಿದೆ ಎಂಬ ಸಂಗತಿ ಇಬ್ಬರಿಗೆ ಮಾತ್ರ ತಿಳಿದಿತ್ತು. ಆ ಇಬ್ಬರೂ ಅದನ್ನು ಒಬ್ಬರ ಮುಂದೊಬ್ಬರು ಒಮ್ಮೆಯಾದರೂ ಬಾಯಿಬಿಟ್ಟು ಹೇಳಿಕೊಂಡವರಲ್ಲ.

ಬೋರಕ್ಕ ಜವನಗೊಂಡನಹಳ್ಳಿಯವಳು. ತಂದೆಯ ತೋಟದ ಬಾವಿಯ ದಡದಲ್ಲಿ ಒಂದು ಡೀಸೆಲ್ ಇಂಜಿನ್ನಿತ್ತು. ಅದರ ಕುಟ್ಟುವ ಸದ್ದಿನಲ್ಲೇ ನಿದ್ದೆ ಮಾಡಿ, ಅದರ ಸದ್ದಿನಲ್ಲೇ ಎದ್ದು ಬೆಳೆದ ಹುಡುಗಿ, ಮಡಿಗೆ ನೀರು ತಿರುಗಿಸುತ್ತಿದ್ದ ತಂದೆಗಿಂತ ಮೊದಲೇ “ಅಪ್ಪಾ, ಇಂಜಿನ್ನು ಏದುಸಿರು ಬಿಡ್ತೈತೆ” ಎಂದು ಕೂಗುತ್ತಿದ್ದಳು. ಇದನ್ನು ಯಾರೂ ವಿದ್ಯೆಯೆಂದು ಎಣಿಸಲಿಲ್ಲ, ಆಕೆಯೂ ಎಣಿಸಲಿಲ್ಲ. ಮದಕರಿಪುರದ ಚಿತ್ರಲಿಂಗಪ್ಪನ ಕೈಹಿಡಿದು ಹಿರಿಯೂರಿಗೆ ಬಂದವಳು ಮೊದಲು ಶೆಡ್ಡಿಗೆ ಬುತ್ತಿ ತಂದಳು. ಆಮೇಲೆ ಸೀಮೆಎಣ್ಣೆಯಲ್ಲಿ ಬಿಡಿಭಾಗಗಳನ್ನು ತೊಳೆಯಲು ಕುಳಿತಳು. ಕಡೆಗೆ ಗಂಡನಿಗೆ ಮತ್ತೊಂದು ಜೊತೆ ಕೈಗಳಾದಳು.

ನ್ಯಾಯವಾಗಿ ಹೇಳುವುದಾದರೆ, ಚಿತ್ರಲಿಂಗಪ್ಪನ ಕಿವಿ ಒಂದು ಕಾಲಕ್ಕೆ ಭಗವಂತನು ಮನಸ್ಸಿಟ್ಟು ಕೊಟ್ಟದ್ದೇ ಆಗಿತ್ತು. ಕಾರ್ಬೊರೇಟರಿನ ಹಳೆಯ ಕಾರುಗಳಿಗೆ ಒಂದು ವಿಚಿತ್ರ ವ್ಯಾಧಿಯುಂಟು. ರಸ್ತೆಯಲ್ಲಿ ಓಡುವಾಗ ಯಾವ ಕುಂದೂ ತೋರದ ಗಾಡಿ, ನಿಂತಲ್ಲೇ ಇಂಜಿನ್ನು ಸುಮ್ಮನೆ ತಿರುಗುವ ಐಡ್ಲಿಂಗಿನಲ್ಲಿ ಮಾತ್ರ ಮೈಯೆಲ್ಲ ನಡುಗಿಸಿಕೊಂಡು ಕುಂಟತೊಡಗುತ್ತದೆ. ಇದಕ್ಕೆ ಕಾರಣ ಸತ್ತ ಪ್ಲಗ್ಗಿರಬಹುದು, ಪೆಟ್ರೋಲು ಹಾಯುವ ಜೆಟ್ಟಿನ ಕೂದಲೆಳೆಯಂಥ ರಂಧ್ರದಲ್ಲಿ ಸಿಕ್ಕಿದ ಕಸವಿರಬಹುದು, ಎಲ್ಲಿಯೋ ಬಿರುಕಿನಿಂದ ಒಳಗೆ ನುಸುಳುವ ಗಾಳಿಯಿರಬಹುದು. ಚಿತ್ರಲಿಂಗಪ್ಪ ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಆನಿಸಿಕೊಂಡು ಮುಕ್ಕಾಲಿಯ ಮೇಲೆ ಕೂರುತ್ತಿದ್ದ. ಬೋರಕ್ಕ ಕೈಗೆ ಬಟ್ಟೆ ಸುತ್ತಿಕೊಂಡು ನಾಲ್ಕು ಪ್ಲಗ್ಗುಗಳ ವೈರನ್ನು ಒಂದೊಂದಾಗಿ ಕಿತ್ತು, ಮತ್ತೆ ಸಿಕ್ಕಿಸುತ್ತಿದ್ದಳು. ಯಾವುದನ್ನು ಕಿತ್ತರೆ ಇಂಜಿನ್ನು ಕುಸಿಯುತ್ತದೆಯೋ ಅದು ದುಡಿಯುತ್ತಿರುವ ಸಿಲಿಂಡರು. ಯಾವುದನ್ನು ಕಿತ್ತರೆ ಸದ್ದು ಬದಲಾಗದೋ ಅದು ಮೊದಲೇ ಸತ್ತದ್ದು. ಆತ ಕಣ್ಣು ಮುಚ್ಚಿ ಕೇಳಿ, ಒಂದೇ ಮಾತಿನಲ್ಲಿ ರೋಗವನ್ನು ಹೇಳಿಬಿಡುತ್ತಿದ್ದ. ಹೇಳಿದ್ದು ತಪ್ಪುತ್ತಿರಲಿಲ್ಲ.

ಕಿವಿ ಒಮ್ಮೆಲೇ ಹೋಗಲಿಲ್ಲ. ಲಾರಿಗಳ ಹಾರನ್ನಿನಲ್ಲಿ, ತಗಡಿನ ಮೇಲೆ ಬಿದ್ದ ಸುತ್ತಿಗೆಯಲ್ಲಿ ಅದು ವರ್ಷವರ್ಷಕ್ಕೂ ಸವೆಯಿತು. ಮೊದಲು ಸಣ್ಣ ಸದ್ದುಗಳು ಕಳೆದುಹೋದವು. ಆಮೇಲೆ ಬೆನ್ನ ಹಿಂದೆ ಆಡಿದ ಮಾತು. ಎದುರಿಗಿದ್ದವರ ತುಟಿಯನ್ನು ನೋಡಿ ಮಾತು ಹಿಡಿಯುವುದನ್ನು ಆತ ಗುಟ್ಟಾಗಿ ಕಲಿತುಕೊಂಡ. ಆದರೆ ಇಂಜಿನ್ನಿಗೆ ತುಟಿಯಿಲ್ಲ. ಒಂದು ದಿನ ಮಂಡಿ ಸಾಹುಕಾರರ ಬಿಳಿ ಅಂಬಾಸಿಡರಿನ ಮುಂದೆ ಸ್ಕ್ರೂಡ್ರೈವರನ್ನು ಕಿವಿಗೆ ಒತ್ತಿಕೊಂಡು ಕುಳಿತವನು ಬಾಯಿ ತೆರೆಯಲೇ ಇಲ್ಲ. ಸಾಹುಕಾರರು ಕಾದರು. ಆತನ ಹಣೆಯಲ್ಲಿ ಬೆವರು ಮೂಡಿದ್ದನ್ನು ಬೋರಕ್ಕ ಕಂಡಳು. ಆಕೆ ಹಿಂದೆ ಬಂದು ನಿಂತು, ಆತನ ಹೆಗಲ ಟವೆಲನ್ನು ಸರಿಪಡಿಸುವವಳಂತೆ ಅದರ ಕೆಳಗೆ ಕೈಯಿಟ್ಟು ಎರಡು ಬೆರಳನ್ನು ಒತ್ತಿದಳು.

“ಎರಡನೇದು ಸತ್ತೈತೆ ಸಾಹುಕಾರ್ರೇ,” ಎಂದ ಚಿತ್ರಲಿಂಗಪ್ಪ.

ಅಂದಿನಿಂದ ಅದೊಂದು ಭಾಷೆಯಾಯಿತು. ಬೆರಳುಗಳು ಸಿಲಿಂಡರಿನ ಸಂಖ್ಯೆ. ಅಂಗೈಯನ್ನು ಚಪ್ಪಟೆಯಾಗಿ ಇಟ್ಟರೆ ಜೆಟ್ಟಿನಲ್ಲಿ ಕಸ. ಮುಷ್ಟಿ ಒತ್ತಿದರೆ ಎಲ್ಲಿಯೋ ಗಾಳಿ ಎಳೆಯುತ್ತಿದೆ. ಆ ಕೈಯಿಂದ ಆತನ ಹೆಸರು ಉಳಿಯಿತು. ಹೊಸ ಕಾರುಗಳೆಲ್ಲ ಕಂಪ್ಯೂಟರಿನ ಪಾಲಾಗಿ, ಆತನಿಗೆ ಉಳಿದಿದ್ದುದು ಆ ಹೆಸರೊಂದೇ.

ಇಷ್ಟು ಉಪಕಾರ ಪಡೆದವನು ಮೆತ್ತಗಾಗಬೇಕಿತ್ತು. ಚಿತ್ರಲಿಂಗಪ್ಪ ಕಲ್ಲಾದ. ಹೆಂಡತಿಯ ಬೆರಳು ಹೆಗಲನ್ನು ಮುಟ್ಟಿದ ದಿನವೆಲ್ಲ ಆತನ ನಾಲಿಗೆ ಚೂಪಾಗುತ್ತಿತ್ತು. “ಏಯ್ ಮೊದ್ದೇ, ಹತ್ತೊಂಬತ್ತರ ಸ್ಪ್ಯಾನರ್ ಕೊಡು ಅಂದ್ರೆ ಹದಿನೇಳರದ್ದು ಕೊಡ್ತೀಯಲ್ಲ, ನಿಮ್ಮಪ್ಪ ನಿಂಗೆ ಬೆರಳು ಎಣಿಸೋದೂ ಕಲಿಸ್ಲಿಲ್ವಾ?” ಎಂದು ಗಿರಾಕಿಗಳೆದುರು ಕೇಳುವನು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆಯನ್ನು ಅಂಗಳಕ್ಕೆ ಎಸೆಯುವನು. ಬೋರಕ್ಕ ತಟ್ಟೆಯನ್ನು ತೊಳೆದು ಮತ್ತೆ ಬಡಿಸುತ್ತಿದ್ದಳು. ಇದು ಸಹನೆಯೆಂದು ನೆರೆಯವರು ಹೊಗಳುತ್ತಿದ್ದರು. ಅದರಲ್ಲಿ ಸಹನೆಗಿಂತ ಬೇರೊಂದಿತ್ತು. ಊರೆಲ್ಲ ಆತನ ಕಿವಿಯನ್ನು ಕೊಂಡಾಡುವಾಗ, ತಾನು ಕಟ್ಟಿದ ಮನೆಯಲ್ಲಿ ಬೇರೆಯವರು ಗೃಹಪ್ರವೇಶ ಮಾಡುವುದನ್ನು ದೂರದಿಂದ ನೋಡುವ ಗಾರೆಯವನ ಹೆಮ್ಮೆಯೊಂದು ಆಕೆಯೊಳಗೆ ಏಳುತ್ತಿತ್ತು. ಆ ಹೆಸರು ಆಕೆಯ ಕೈಕೆಲಸ. ಅದನ್ನು ಮುರಿಯುವುದು ತನ್ನಿಂದ ಸಾಧ್ಯವೆಂದು ಆಕೆ ಎಂದೂ ಯೋಚಿಸಿರಲಿಲ್ಲ.

ಆ ಶೆಡ್ಡಿನಲ್ಲಿ ಆಯುಧಪೂಜೆಗೆ ಒಂದು ಪದ್ಧತಿಯಿತ್ತು. ಅಲ್ಲಿ ಕೆಲಸ ಕಲಿತು ಬೇರೆಬೇರೆ ಊರುಗಳಲ್ಲಿ ಗ್ಯಾರೇಜು ತೆರೆದವರೆಲ್ಲ ಅಂದು ಮೇಸ್ತ್ರಿಯ ಬಳಿ ಬರುತ್ತಿದ್ದರು. ಸ್ಪ್ಯಾನರುಗಳಿಗೆ ಅರಿಶಿನ ಕುಂಕುಮವಿಟ್ಟು, ಬೂದುಗುಂಬಳ ಒಡೆದ ಮೇಲೆ, ಶಿಷ್ಯರಲ್ಲೊಬ್ಬ ತಾನೇ ಬೇಕೆಂದು ಕೆಡಿಸಿ ತಂದ ಒಂದು ಗಾಡಿಯನ್ನು ಮೇಸ್ತ್ರಿಯ ಮುಂದೆ ನಿಲ್ಲಿಸುವನು. ಮೇಸ್ತ್ರಿ ಕೇಳಿ ರೋಗ ಹೇಳಬೇಕು. ಇದಕ್ಕೆ ಅವರು ಕಿವಿಪೂಜೆ ಎಂದು ಹೆಸರಿಟ್ಟಿದ್ದರು. ಮೇಸ್ತ್ರಿ ಒಂದು ವರ್ಷವೂ ಸೋತದ್ದಿಲ್ಲ. ಬೋರಕ್ಕ ಗೆಲ್ಲಿಸುತ್ತಿದ್ದ ವರ್ಷಗಳಲ್ಲೂ.

ಕಳೆದ ಆಯುಧಪೂಜೆಗೆ ಸರದಿ ಪ್ರಸನ್ನಕುಮಾರನದು. ಚಿತ್ರದುರ್ಗದಲ್ಲಿ ಆತನದು ದೊಡ್ಡ ಗ್ಯಾರೇಜು. ಗಾಜಿನ ಕ್ಯಾಬಿನ್ನು, ಗೋಡೆಗೆ ಕಂಪ್ಯೂಟರು. ಆದರೂ ಹಳೆಯ ಕಾರಿನವರು ಆತನ ಮಾತು ಕೇಳಿದ ಮೇಲೂ “ಒಂದ್ಸಲ ಕಿವಿ ಮೇಸ್ತ್ರಿಗೆ ತೋರಿಸ್ಕೊಂಡು ಬರ್ತೀವಿ” ಎನ್ನುತ್ತಿದ್ದರು. ಈ ಮುಳ್ಳು ಆತನಿಗೆ ಬಹುದಿನದಿಂದ ಚುಚ್ಚುತ್ತಿತ್ತು.

“ಮೇಸ್ತ್ರಿ, ದುರ್ಗದಿಂದ ಓಡಿಸ್ಕೊಂಡೇ ಬಂದೀನಿ ನೋಡ್ರಿ,” ಎಂದು ಅಂಬಾಸಿಡರಿನಿಂದ ಇಳಿದು ಪ್ರಸನ್ನಕುಮಾರ ಮೇಸ್ತ್ರಿಯ ಮುಂದೆ ಕೈಮುಗಿದ. “ರಸ್ತೇಲಿ ಕುದುರೆ ಹಂಗೆ ಬರ್ತೈತೆ. ನಿಂತ್ರೆ ಮಾತ್ರ ಚಳಿಜ್ವರ.”

“ನಡುಗೋದು ಗಾಡಿ ಅಲ್ಲ ಕಣಲೇ, ನಿನ್ನ ಕೈ,” ಎಂದ ಚಿತ್ರಲಿಂಗಪ್ಪ, ಶಿಷ್ಯನ ತುಟಿಯಿಂದ ಕಣ್ಣು ತೆಗೆಯದೆ. “ನಿಂಗೆ ಕಂಪ್ಯೂಟರ್ ಹೇಳ್ಬೇಕು. ನಂಗೆ ಇಂಜಿನ್ನೇ ಹೇಳ್ತೈತೆ.”

ಎಲ್ಲರೂ ನಕ್ಕರು. ಬೋರಕ್ಕ ಮಂಡಕ್ಕಿ, ಕಡಲೆ, ಬಾಳೆಹಣ್ಣುಗಳನ್ನು ಹಂಚುತ್ತಿದ್ದಳು. ಅಷ್ಟರಲ್ಲಿ ಹೊಸದುರ್ಗದಲ್ಲಿ ಗ್ಯಾರೇಜಿಟ್ಟಿರುವ ದುರ್ಗೇಶನೆಂಬ ಶಿಷ್ಯ ಪೇಡದ ಡಬ್ಬಿ ತೆರೆದು ಮೇಸ್ತ್ರಿಯ ಮುಂದೆ ಹಿಡಿದ.

“ಮೇಸ್ತ್ರಿ, ನಮ್ಮನೇಲಿ ಗಂಡು ಮಗು ಆಯ್ತು. ಬಾಯಿ ಸಿಹಿ ಮಾಡ್ಕಳ್ರಿ. ಅಕ್ಕಾ, ನೀನೂ ತಗೋ.”

ಬೋರಕ್ಕ ಪೇಡವನ್ನು ಕಣ್ಣಿಗೊತ್ತಿಕೊಂಡಳು. “ನೂರು ವರ್ಷ ಬಾಳ್ಲಪ್ಪ,” ಎಂದಳು.

ಚಿತ್ರಲಿಂಗಪ್ಪ ಪೇಡವನ್ನು ಬಾಯಿಗೆ ಹಾಕಿಕೊಂಡು, ಸುತ್ತ ನೆರೆದ ಮುಖಗಳನ್ನು ನೋಡಿದ. ಇನ್ನೊಂದು ನಗೆ ಬೇಕೆನಿಸಿತೇನೋ.

“ನಮ್ಮನೇದೂ ಒಂದ್ಸಲ ಸ್ಟಾರ್ಟ್ ಆಗಿತ್ತು ಕಣ್ರಲಾ,” ಎಂದ. “ಐಡ್ಲಿಂಗ್ ನಿಲ್ಲಲಿಲ್ಲ. ಬಡಕ್ ಬಡಕ್ ಅಂತು, ಆಫ್ ಆಯ್ತು. ಗಾಡೀನೇ ಕಂಡಮ್ಮು. ಮೇಸ್ತ್ರಿ ಏನ್ ಮಾಡ್ತಾನೆ?”

ನಗೆ ಎದ್ದಿತು. ಮೇಸ್ತ್ರಿ ಹೇಳಿದ್ದಕ್ಕೆ ನಗುವುದು ಅಲ್ಲಿನ ಅಭ್ಯಾಸ. ನಡುವಿನಲ್ಲಿಯೇ ಅರ್ಥ ಹೊಳೆದ ಒಬ್ಬಿಬ್ಬರು ಬಾಯಿ ಮುಚ್ಚಿಕೊಂಡರು. ಉಳಿದವರು ಮುಗಿಯುವವರೆಗೂ ನಕ್ಕರು. ದುರ್ಗೇಶ ಡಬ್ಬಿಯ ಮುಚ್ಚಳ ಹುಡುಕತೊಡಗಿದ.

ಅದು ಅವರಿಬ್ಬರಿಗೆ ಹುಟ್ಟಿದ್ದ ಹೆಣ್ಣುಕೂಸು. ಹೆಸರಿಡುವ ದಿನ ಬರುವ ಮೊದಲೇ ಹೋದದ್ದು. ಅದರ ಉಸಿರು ಒಂದು ಹದದಲ್ಲಿ ನಡೆಯುತ್ತಿರಲಿಲ್ಲ. ನಾಲ್ಕು ಸಲ ಎಳೆದು ಒಮ್ಮೆ ತಪ್ಪುತ್ತಿತ್ತು. ಬೋರಕ್ಕ ಅದರ ಎದೆಗೆ ಕಿವಿಯಿಟ್ಟು ಹಗಲಿರುಳು ಕೂತಿದ್ದಳು, ತಪ್ಪಿದ ಉಸಿರು ಮರಳಿ ಬರುವುದನ್ನು ಕಾಯುತ್ತ. ಒಮ್ಮೆ ಅದು ಮರಳಲಿಲ್ಲ. ಚಿತ್ರಲಿಂಗಪ್ಪ ಮದಕರಿಪುರದ ಹೊಲದ ಬದಿಯಲ್ಲಿ ಮಣ್ಣು ಮಾಡಿ ಬಂದ. ಅಲ್ಲಿಂದಾಚೆಗೆ ಆ ವಿಷಯ ಎತ್ತಲಿಲ್ಲ. ಆತನಿಗೂ ಒಳಗೆ ನೋವಿದೆ, ಆಡಲಾರದೆ ಕಲ್ಲಾಗಿದ್ದಾನೆ ಎಂದು ಬೋರಕ್ಕ ಇಷ್ಟು ವರ್ಷ ನಂಬಿಕೊಂಡಿದ್ದಳು. ಎಸೆದ ತಟ್ಟೆಗಳನ್ನೆಲ್ಲ ಆಕೆ ತೊಳೆದದ್ದು ಆ ನಂಬಿಕೆಯ ಬಲದಿಂದ.

“ಏನ್ ನಿಂತೆ ಗರ ಬಡಿದೋಳ ಹಂಗೆ? ವೈರ್ ಕೀಳು ಬಾ,” ಎಂದು ಚಿತ್ರಲಿಂಗಪ್ಪ ಮುಕ್ಕಾಲಿಯ ಮೇಲೆ ಕುಳಿತ.

ಪ್ರಸನ್ನಕುಮಾರ ಬಾನೆಟ್ಟೆತ್ತಿ ಇಂಜಿನ್ ಚಾಲೂ ಮಾಡಿದ. ಗಾಡಿ ಅಡಿಯಿಂದ ಮುಡಿಯವರೆಗೆ ನಡುಗಿತು. ಕಟ್ಟಿದ ಚೆಂಡುಹೂವಿನ ಹಾರದಿಂದ ಎಸಳುಗಳು ಉದುರಿದವು. ಬೋರಕ್ಕ ಕೈಗೆ ಬಟ್ಟೆ ಸುತ್ತಿಕೊಂಡು ಮೊದಲನೆಯ ವೈರು ಕಿತ್ತಳು, ಇಂಜಿನ್ನು ಕುಸಿಯಿತು. ಎರಡನೆಯದನ್ನು ಕಿತ್ತಳು, ಕುಸಿಯಿತು. ಮೂರನೆಯದು, ನಾಲ್ಕನೆಯದು, ಎರಡಕ್ಕೂ ಹಾಗೆಯೇ. ನಾಲ್ಕೂ ಜೀವಂತವಾಗಿದ್ದವು. ಕೇಳುವ ಕಿವಿಯಿದ್ದ ಯಾರಿಗಾದರೂ ಅದು ತಿಳಿಯುವಂತಿತ್ತು. ಆ ಕುಂಟು ಸದ್ದಿನ ಅಡಿಯಲ್ಲಿ ಇನ್ನೊಂದು ತೆಳುವಾದ ಸದ್ದಿತ್ತು. ಹಚ್ಚದೆ ತಿರುಗಿಸಿಟ್ಟ ಗ್ಯಾಸ್ ಒಲೆಯಿಂದ ಬರುವಂಥದು. ಬ್ರೇಕಿನ ಕಡೆಗೆ ಹೋಗುವ ರಬ್ಬರ್ ಪೈಪಿನ ಕೆಳಮೈಯನ್ನು ಯಾರೋ ಕೊಯ್ದಿದ್ದರು; ಅಲ್ಲಿ ಗಾಳಿ ಎಳೆಯುತ್ತಿತ್ತು. ಇಷ್ಟು ಸುಲಭದ ರೋಗವನ್ನು ಕಿವಿಪೂಜೆಗೆ ಹಿಂದೆಂದೂ ಯಾರೂ ತಂದಿರಲಿಲ್ಲ. ಪ್ರಸನ್ನಕುಮಾರನಿಗೆ ಮೇಸ್ತ್ರಿಯ ಕಿವಿಯ ಮೇಲೆಯೇ ಗುಮಾನಿ ಬಂದಿದೆ ಎಂದು ಬೋರಕ್ಕನಿಗೆ ಹೊಳೆಯಿತು.

ಆಕೆ ಗಂಡನ ಹಿಂದೆ ಬಂದು ನಿಂತಳು. ಟವೆಲಿನ ಕೆಳಗೆ ಕೈ ಹಾಕಿದಳು. ಮುಷ್ಟಿಯಾಗಬೇಕಿದ್ದ ಕೈ ಅದು. ಆತನ ಹೆಗಲಿನ ಎಲುಬು ಆಕೆಯ ಅಂಗೈಗೆ ಕಾಯುವ ನಾಯಿಯ ತಲೆಯಂತೆ ತಾಗಿತು. ಬೋರಕ್ಕ ನಾಲ್ಕು ಬೆರಳುಗಳನ್ನು ಬಿಡಿಸಿ, ಒಂದೊಂದೂ ಸ್ಪಷ್ಟವಾಗಿ ತಿಳಿಯುವಂತೆ ಒತ್ತಿದಳು.

ಚಿತ್ರಲಿಂಗಪ್ಪ ಕಣ್ಣು ತೆರೆದ. ವಾಡಿಕೆಯಂತೆ ಕಂಠವೆತ್ತಿ ಹೇಳಿದ: “ನಾಲ್ಕನೇದು ಸತ್ತೈತೆ. ವಾಲ್ವ್ ಸುಟ್ಟೈತೆ. ಹೆಡ್ ಇಳಿಸ್ಬೇಕು.”

ದುರ್ಗೇಶ ನೆಲ ನೋಡುತ್ತ, “ನಾಲ್ಕನೇದು ಕಿತ್ತಾಗ್ಲೂ ಬಿತ್ತಲ್ಲಪ್ಪ ಇಂಜಿನ್ನು...” ಎಂದು ಗೊಣಗಿದ. ಆತ ತಲೆ ತಗ್ಗಿಸಿದ್ದರಿಂದ ಮೇಸ್ತ್ರಿಗೆ ಆ ಮಾತು ಸಿಗಲಿಲ್ಲ.

ಪ್ರಸನ್ನಕುಮಾರನ ಮುಖದಲ್ಲಿ ಬೆಳಕು ಮೂಡಿತು. “ಇನ್ನೊಂದ್ಸಲ ಕೇಳ್ಬಿಡ್ರಿ ಮೇಸ್ತ್ರಿ. ಅವಸರ ಏನೈತೆ?”

“ಯಾಕಲೇ, ನಿಂಗೆ ಸಂಶಯವಾ? ‘ಅಕ್ಕಾ, ಕೀಳು ಇನ್ನೊಂದ್ಸಲ’ ಅಂತ ಅವಳ್ನ ಬೇಡ್ಕೋ,” ಎಂದು ಹಂಗಿಸಿ ಚಿತ್ರಲಿಂಗಪ್ಪ ಮತ್ತೆ ಸ್ಕ್ರೂಡ್ರೈವರಿಗೆ ಕಿವಿಗೊಟ್ಟ. ಬೋರಕ್ಕ ಮತ್ತೆ ನಾಲ್ಕನ್ನೂ ಕಿತ್ತು ಸಿಕ್ಕಿಸಿದಳು. ಆಕೆಗೆ ಇನ್ನೂ ಅವಕಾಶವಿತ್ತು. ತಪ್ಪೊಪ್ಪಿದವನಂತೆ ನಕ್ಕು ಆತ ಮಾತು ಬದಲಿಸಿದ್ದರೆ ಎಲ್ಲರೂ ಅದನ್ನು ಮೇಸ್ತ್ರಿಯ ತಮಾಷೆಯೆಂದೇ ತಿಳಿಯುತ್ತಿದ್ದರು. ಟವೆಲಿನ ಕೆಳಗೆ ಆಕೆ ಮತ್ತೆ ನಾಲ್ಕು ಬೆರಳನ್ನು ಒತ್ತಿದಳು, ಮೊದಲಿಗಿಂತ ಬಲವಾಗಿ.

“ನಾಲ್ಕು ಅಂದ್ರೆ ನಾಲ್ಕೇ!” ಎಂದು ಚಿತ್ರಲಿಂಗಪ್ಪ ಅಬ್ಬರಿಸಿದ. “ಕೇಳ್ಸಲ್ವೇನ್ರೋ ನಿಮಗೆ? ಕಿವಿಗೆ ಸೀಸ ಹೊಯ್ಕೊಂಡಿದೀರಾ? ಇಷ್ಟು ವರ್ಷ ನನ್ನ ಹತ್ರ ಕಲಿತು ಏನ್ ಕಿತ್ರಿ?”

ಪ್ರಸನ್ನಕುಮಾರ ಬಾನೆಟ್ಟಿನೊಳಗೆ ಬಾಗಿ, ರಬ್ಬರ್ ಪೈಪಿನ ಕೆಳಗೆ ಹೆಬ್ಬೆರಳಿಟ್ಟು ಸೀಳನ್ನು ಮುಚ್ಚಿದ. ಇಂಜಿನ್ನು ಒಂದೇ ಕ್ಷಣದಲ್ಲಿ ಶಾಂತವಾಯಿತು. ನಡುಗುತ್ತಿದ್ದ ಬಾನೆಟ್ಟು ನಿಂತಿತು. ಬೆರಳು ತೆಗೆದ, ನಡುಗಿತು. ಮುಚ್ಚಿದ; ನಿಂತಿತು. ಕಣ್ಣಿದ್ದವರಿಗೆಲ್ಲ ಕಾಣುವಂತೆ ಮತ್ತೆ ಮತ್ತೆ ಮಾಡಿ ತೋರಿಸಿದ. ಚಿತ್ರಲಿಂಗಪ್ಪನಿಗೂ ಅದು ಕಂಡಿತು.

ಆದರೆ ಪ್ರಸನ್ನಕುಮಾರನಿಗೆ ಅಷ್ಟು ಸಾಲದು. ಆತ ಮೆಲ್ಲಗೆ ನಡೆದು ಮೇಸ್ತ್ರಿಯ ಬೆನ್ನ ಹಿಂದೆ ಹೋಗಿ ನಿಂತ. ಎಲ್ಲರಿಗೂ ಕೇಳುವಷ್ಟು ದನಿಯಲ್ಲಿ, “ಮೇಸ್ತ್ರಿ, ನಿಮ್ಮ ಪಂಚೆಗೆ ಕರ್ಪೂರದ ಬೆಂಕಿ ಹತ್ತೈತೆ,” ಎಂದ.

ಚಿತ್ರಲಿಂಗಪ್ಪ ಅಲುಗಲಿಲ್ಲ.

“ಮೇಸ್ತ್ರೀ! ಬೆಂಕಿ!”

ಎದುರಿಗಿದ್ದವರು ಕಿಸಕ್ಕನೆ ನಕ್ಕರು. ನಗುವಿಗೆ ಕಾರಣ ತಿಳಿಯದ ಚಿತ್ರಲಿಂಗಪ್ಪ, ಹಿಂದುಳಿಯಬಾರದೆಂದು ತಾನೂ ನಕ್ಕ. ಅದನ್ನು ಕಂಡು ನಗು ಇನ್ನೂ ಹೆಚ್ಚಿತು. ಒಬ್ಬ ತಗಡಿಗೆ ಒರಗಿ ಹೊಟ್ಟೆ ಹಿಡಿದುಕೊಂಡ. “ಕಿವಿ ಮೇಸ್ತ್ರಿಗೆ ಕಿವೀನೇ ಇಲ್ವಲ್ರಪ್ಪೋ!” ಎಂದು ಯಾರೋ ಕೂಗಿದರು. ಆ ತುಟಿಗಳನ್ನು ಆತ ಓದಿದ. ಮುಖದ ಮೇಲಿನ ನಗೆ ತಕ್ಷಣ ಇಳಿಯಲಿಲ್ಲ. ಇಳಿಸುವುದು ಹೇಗೆಂದು ತಿಳಿಯದವನಂತೆ ಅದನ್ನು ಹೊತ್ತುಕೊಂಡೇ ಕುಳಿತಿದ್ದ.

ಆಗ ಬೋರಕ್ಕ ಹಿಂದಿನಿಂದ ಮುಂದಕ್ಕೆ ಬಂದು ಆತನೆದುರು ನಿಂತಳು. ಸ್ವರವಿಲ್ಲದೆ, ತುಟಿಗಳನ್ನು ಮಾತ್ರ ನಿಧಾನವಾಗಿ ಆಡಿಸಿದಳು. ಅಷ್ಟು ಮಂದಿಯಲ್ಲಿ ಆ ಮಾತನ್ನು ಕೇಳಬಲ್ಲವನು ಆ ಕಿವುಡನೊಬ್ಬನೇ.

“ನಂಗೆ ಮೊದ್ಲೇ ಕೇಳಿಸಿತ್ತು. ಬೇಕಂತ್ಲೇ ನಾಲ್ಕು ಒತ್ತಿದೆ.”

ಶಿಷ್ಯರು ಹೊರಡುವಾಗ ಒಬ್ಬೊಬ್ಬರಾಗಿ ಮೇಸ್ತ್ರಿಯ ಕಾಲಿಗೆ ನಮಸ್ಕರಿಸಿದರು. ಎಂದೂ ಇಲ್ಲದಷ್ಟು ಬಾಗಿ, ಎಂದೂ ಇಲ್ಲದಷ್ಟು ಹೊತ್ತು. ಪ್ರಸನ್ನಕುಮಾರ ಸಾಷ್ಟಾಂಗ ಹಾಕಿದ. “ಆಶೀರ್ವಾದ ಮಾಡ್ರಿ ಮೇಸ್ತ್ರಿ,” ಎಂದು ಆತನ ಕಿವಿಯ ಬಳಿ ಬಾಯಿಟ್ಟು ಅರಚಿದ.

ಸುದ್ದಿ ಮಂಡಿಗಳನ್ನು ಸುತ್ತಲು ಒಂದು ಸಂಜೆ ಸಾಕಾಯಿತು. ದೀಪಾವಳಿಯ ಹೊತ್ತಿಗೆ ಶೆಡ್ಡಿನ ಮುಂದೆ ನಿಲ್ಲುವ ಗಾಡಿಗಳು ಅಪರೂಪವಾದವು. ಗಂಡ ಹೆಂಡಿರ ನಡುವೆ ಮಾತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಕಡಿಮೆಯಾದರೂ ಚಿತ್ರಲಿಂಗಪ್ಪ ಉಂಡು ಏಳುತ್ತಿದ್ದ. ಬೋರಕ್ಕ ಒಂದು ದಿನ ಬೇಕೆಂದೇ ಉಪ್ಪು ಸುರಿದು ನೋಡಿದಳು. ಆತ ನೀರು ಕುಡಿಕುಡಿದು ಉಂಡ.

ಒಂದು ಬೆಳಿಗ್ಗೆ ಗೋವರ್ಧನ ಮೇಷ್ಟ್ರು ತಮ್ಮ ಪ್ರೀಮಿಯರ್ ಪದ್ಮಿನಿಯನ್ನು ತಂದರು. ನಿವೃತ್ತರಾದ ಮೇಷ್ಟ್ರು, ಸಾಧು ಮನುಷ್ಯ. ಊರಿನ ನಗೆಯಲ್ಲಿ ಪಾಲು ಕೇಳಿದವರಲ್ಲ. “ನಿಂತ್ರೆ ಆಫ್ ಆಗುತ್ತೆ ಚಿತ್ರಲಿಂಗಪ್ಪ. ನೀವೇ ನೋಡಿ. ಬೇರೆಯವರ ಕೈಗೆ ಕೊಡೋಕೆ ಮನಸ್ಸಿಲ್ಲ,” ಎಂದರು.

ಚಿತ್ರಲಿಂಗಪ್ಪ ಮುಕ್ಕಾಲಿಯ ಮೇಲೆ ಕುಳಿತ. ಬೋರಕ್ಕ ವೈರು ಕಿತ್ತು ಸಿಕ್ಕಿಸಿದಳು. ನಾಲ್ಕೂ ನೆಟ್ಟಗಿದ್ದವು, ಗಾಳಿಯೂ ಎಲ್ಲಿಯೂ ಎಳೆಯುತ್ತಿರಲಿಲ್ಲ. ಇಂಜಿನ್ನು ಹಸಿದ ಮಗುವಿನಂತೆ ಪೆಟ್ರೋಲಿಗೆ ಬಾಯಿ ಬಿಡುತ್ತಿತ್ತು. ಜೆಟ್ಟಿನಲ್ಲಿ ಕಸ. ಬಿಚ್ಚಿ ಒಮ್ಮೆ ಬಾಯಿಂದ ಊದಿದರೆ ತೀರುವ ಕೆಲಸ. ಆಕೆ ಟವೆಲಿನ ಕೆಳಗೆ ಅಂಗೈಯನ್ನು ಚಪ್ಪಟೆಯಾಗಿ ಇಟ್ಟಳು. ಅದು ಸತ್ಯವಾದ ಸಂಜ್ಞೆ.

ಆ ಸ್ಪರ್ಶಕ್ಕೆ ಚಿತ್ರಲಿಂಗಪ್ಪ ಬೆಂಕಿ ತಾಗಿದವನಂತೆ ಬೆಚ್ಚಿದ. ತಿರುಗಿ ಹೆಂಡತಿಯ ಮುಖ ನೋಡಿದ. ಆ ಮುಖದಲ್ಲಿ ಓದುವುದಕ್ಕೆ ಏನೂ ಇರಲಿಲ್ಲ.

“ಹೇಳ್ರಿ. ಮೇಷ್ಟ್ರು ಕಾಯ್ತಾವ್ರೆ,” ಎಂದಳು ಬೋರಕ್ಕ.

ಆತ ತುಟಿ ಒದ್ದೆ ಮಾಡಿಕೊಂಡ. ಅಂಗೈ ಇನ್ನೂ ಹೆಗಲ ಮೇಲಿತ್ತು. “ಎರಡನೇ ಪ್ಲಗ್ಗು,” ಎಂದ ಕಡೆಗೆ.

ಪ್ಲಗ್ಗು ಬದಲಾಯಿಸಿದರು. ಗಾಡಿ ಮೊದಲಿನಂತೆಯೇ ನಡುಗಿ ಆಫ್ ಆಯಿತು. ಮೇಷ್ಟ್ರು ಕನ್ನಡಕ ಒರೆಸಿಕೊಂಡು, ಇವರ ಮುಖ ನೋಡಲಾರದೆ, “ಪರವಾಗಿಲ್ಲ ಬಿಡಿ. ಹೆಂಗೂ ದುರ್ಗಕ್ಕೆ ಹೋಗೋ ಕೆಲಸ ಇದೆ, ಅಲ್ಲೇ ಯಾರಿಗಾದ್ರೂ ತೋರಿಸ್ತೀನಿ,” ಎಂದು ಹೊರಟರು. ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಅವರ ಗಾಡಿ ಅಲ್ಲಿಯೇ ನೆಟ್ಟಗಾಗುತ್ತಿತ್ತು. ಬೋರಕ್ಕ ಹೇಳಲಿಲ್ಲ. ಸೀಮೆಎಣ್ಣೆಯಲ್ಲಿ ಕೈ ತೊಳೆದುಕೊಂಡಳು.

ಚಿತ್ರಲಿಂಗಪ್ಪ ಬಂದು ಆಕೆಯ ಮಣಿಕಟ್ಟು ಹಿಡಿದ. “ಏನಿತ್ತು ಅದಕ್ಕೆ?”

“ಜೆಟ್ಟಲ್ಲಿ ಕಸ. ಅಂಗೈ ಇಟ್ಟಿದ್ನಲ್ಲ.”

“ನಿಜವಾ?”

“ಇವತ್ತು ನಿಜ.”

“ನಾಳೆ?” ಎಂದ ಆತ. ಬಹಳ ವರ್ಷಗಳ ಮೇಲೆ ಆತನ ದನಿಯಲ್ಲಿ ಬೇಡಿಕೆಯಿತ್ತು. “ಬೋರಕ್ಕಾ, ನಾಳೆ?”

ಮದುವೆಯಾದಂದಿನಿಂದ ಆತ ಆಕೆಯನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಆಕೆ ಅದನ್ನು ಗಮನಿಸಿದಳು. ಗಮನಿಸಿಯೂ ಒಳಗೆ ಏನೂ ಕದಲದಿರುವುದನ್ನೂ ಗಮನಿಸಿದಳು. ಮಣಿಕಟ್ಟನ್ನು ಬಿಡಿಸಿಕೊಂಡು, ಆತನಿಗೆ ತುಟಿ ಚೆನ್ನಾಗಿ ಕಾಣುವಂತೆ ಬೆಳಕಿಗೆ ತಿರುಗಿದಳು.

“ದಿನಾ ಕೈ ಇಡ್ತೀನಿ. ನಿಜ ಒತ್ತಿದ್ನೋ ಸುಳ್ಳು ಒತ್ತಿದ್ನೋ, ಗಾಡಿ ಹೋದ್ಮೇಲೆ ನಿಮಗೆ ಗೊತ್ತಾಗ್ತೈತೆ.”

ಅಷ್ಟರಲ್ಲಿ ಹೆದ್ದಾರಿಯ ಕಡೆಯಿಂದ ಮಾಸಿದ ಬಣ್ಣದ ಮಾರುತಿಯೊಂದು ಕುಂಟುತ್ತ ಬಂದು ಶೆಡ್ಡಿನ ಮುಂದೆ ನಿಂತಿತು. ಹೊರ ಊರಿನ ಗಾಡಿ, ಯಾರೋ ಹಳೆಯ ಹೆಸರು ಹೇಳಿ ಕಳಿಸಿರಬೇಕು. ಚಿತ್ರಲಿಂಗಪ್ಪ ಅದನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಮುಕ್ಕಾಲಿಯನ್ನು ಎಳೆದುಕೊಂಡು, ಟವೆಲನ್ನು ತಾನೇ ಹೆಗಲ ಮೇಲೆ ಹರಡಿಕೊಂಡು, ಆಕೆಗೆ ಬೆನ್ನು ಕೊಟ್ಟು ಕುಳಿತ.